ಮನೆಗೆ ಬೀಗ ಹಾಕಿ ಹೊರಟಾಗ

ಹಿಂದೆ ನಮ್ಮ ಹಳ್ಳಿಯ ಮನೆಗಳಲ್ಲಿ ರಾತ್ರಿ ಅಡಿಗೆ ಮುಗಿದ ಮೇಲೆ ಒಲೆಗೆ ನೀರು ಸುರಿದು ಆರಿಸುತ್ತಿರಲಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಬೂದಿ ಕೆದಕಿ ಊದುಗೊಳವೆಯಿಂದ ಊದಿದರೆ ಸಾಕು, ಬೆಂಕಿ ಹತ್ತಿಕೊಳ್ಳುತ್ತಿತ್ತು.

ಈ ಹಳೆಯ ಜಾಣ್ಮೆಯನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಡಿಸೆಂಬರ್ ರಜೆಯಲ್ಲಿ ಮೂರು ನಾಲ್ಕು ವಾರ ಊರಿಗೆ ಬರುವುದುಂಟು. ಅಲ್ಲಿ ಅದು ಕಡು ಚಳಿಗಾಲ. ಹೊರಡುವ ಹಿಂದಿನ ರಾತ್ರಿ ಒಂದು ಪ್ರಶ್ನೆ ಏಳುತ್ತದೆ: ಮನೆಯನ್ನು ಬೆಚ್ಚಗಿಡುವ ಯಂತ್ರವನ್ನು ಆರಿಸಿ ಹೋಗಬೇಕೆ, ನಡೆಯಲು ಬಿಟ್ಟು ಹೋಗಬೇಕೆ? ಬಿಟ್ಟರೆ ವಿದ್ಯುತ್ತಿನ ಬಿಲ್ಲು. ಆರಿಸಿದರೆ ಕೊಳವೆ ಒಡೆಯುವ ಭಯ. ಆ ಮನೆಯವರು ನೀವೇ ಎಂದಿಟ್ಟುಕೊಳ್ಳಿ.

ಅಲ್ಲಿನ ಅನೇಕ ಮನೆಗಳಲ್ಲಿ ಈಗ ಬಂದಿರುವ ಈ ಯಂತ್ರಕ್ಕೆ ಹೀಟ್ ಪಂಪ್ ಎಂದು ಹೆಸರು. ಹೊರಗಿನ ತಣ್ಣನೆಯ ಗಾಳಿಯಲ್ಲಿಯೂ ಒಂದಿಷ್ಟು ಶಾಖವಿರುತ್ತದೆ. ಅದನ್ನು ಸೇದಿ, ನೀರಿಗೆ ಕೊಟ್ಟು, ಕೊಳವೆಗಳ ಮೂಲಕ ಕೋಣೆ ಕೋಣೆಗೂ ಹರಿಸುವುದು ಇದರ ಕೆಲಸ. ಹೀಗೆ ಮನೆಯನ್ನು ಬೆಚ್ಚಗಿಡಬಹುದೆಂದು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಅವರು 1852ರಲ್ಲಿಯೇ ತೋರಿಸಿಕೊಟ್ಟಿದ್ದರು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ದೊರೆಯುವುದು ಇದರ ಹೆಚ್ಚುಗಾರಿಕೆ. ಆದರೆ ಬಾವಿ ಆಳವಾದಷ್ಟೂ ಸೇದುವ ಶ್ರಮ ಹೆಚ್ಚಲ್ಲವೆ? ನೀರನ್ನು 35 ಡಿಗ್ರಿಗೆ ಕಾಯಿಸುವುದು ಇದಕ್ಕೆ ಸುಲಭ, 55 ಡಿಗ್ರಿಗೆ ಕಷ್ಟ. ಆದ್ದರಿಂದ ಇದು ನಿಧಾನವಾಗಿ, ಬಿಡದೆ ದುಡಿಯುವ ಯಂತ್ರ. ಅವಸರ ಮಾಡಿದರೆ ಖರ್ಚು.

ಹಾಗಾದರೆ ಪೂರ್ತಿ ಆರಿಸಿದರೇನು? ಅನೇಕ ಮನೆಗಳಲ್ಲಿ ನೀರಿನ ಕೊಳವೆಗಳು ಗೋಡೆಯಾಚೆಗಿನ ಯಂತ್ರದವರೆಗೂ ಹೋಗಿರುತ್ತವೆ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ತಾಮ್ರದ ಕೊಳವೆಯನ್ನೂ ಸೀಳಬಲ್ಲದು. ಚಳಿ ಏರಿತೆಂದು ಕಂಡರೆ ಯಂತ್ರವು ತಾನಾಗಿಯೇ ನೀರನ್ನು ಸುತ್ತಿಸಿ ಕಾಪಾಡಿಕೊಳ್ಳುತ್ತದೆ. ಆದರೆ ಅದಕ್ಕೆ ವಿದ್ಯುತ್ತು ಬೇಕು. ಗೋಡೆಯ ಸ್ವಿಚ್ಚನ್ನೇ ಆರಿಸಿ ಬಂದರೆ ಕಾವಲುಗಾರನನ್ನು ಮನೆಗೆ ಕಳುಹಿಸಿದಂತಾಯಿತು. ಕೆಲವೆಡೆ ನೀರಿಗೆ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿರುತ್ತಾರೆ. ಕೆಲವೆಡೆ ನೀರು ಸುಮಾರು 3 ಡಿಗ್ರಿಗೆ ಇಳಿದಾಗ ತೆರೆದುಕೊಂಡು ಅದನ್ನು ಹೊರಚೆಲ್ಲುವ ಕವಾಟವಿರುತ್ತದೆ. ಕವಾಟ ಯಂತ್ರವನ್ನು ಉಳಿಸುತ್ತದೆ, ಆದರೆ ಮತ್ತೆ ನೀರು ತುಂಬಿಸುವವರೆಗೆ ಮನೆ ಬೆಚ್ಚಗಾಗದು. ನಿಮ್ಮ ಮನೆಯಲ್ಲಿರುವುದು ಯಾವುದೆಂದು ಅಳವಡಿಸಿದವರನ್ನು ಮೊದಲೇ ಕೇಳಿಡಿ.

ಇನ್ನು ಮಾಡಬೇಕಾದದ್ದು ಸರಳ. ಎರಡು ದಿನದ ಪ್ರವಾಸವಾದರೆ ಏನನ್ನೂ ಮುಟ್ಟಬೇಡಿ. ತಣಿಸಿ ಮತ್ತೆ ಕಾಯಿಸುವುದರಲ್ಲಿ ಉಳಿತಾಯ ಅತ್ಯಲ್ಪ. ಎರಡು ಮೂರು ವಾರವಾದರೆ ಮನೆಯ ಉಷ್ಣತೆಯನ್ನು 12ರಿಂದ 15 ಡಿಗ್ರಿಗೆ ಇಳಿಸಿ. ಬಹುತೇಕ ಯಂತ್ರಗಳಲ್ಲಿ ಇದಕ್ಕೆಂದೇ ರಜೆಯ ಏರ್ಪಾಡಿರುತ್ತದೆ. ಸ್ನಾನದ ನೀರು ಕಾಯಿಸುವುದನ್ನು ಮಾತ್ರ ನಿಲ್ಲಿಸಬಹುದು. ಕುಡಿಯುವ ನೀರಿನ ಮುಖ್ಯ ಕವಾಟವನ್ನು ಮುಚ್ಚಿ. ವಿಮೆಯ ಪತ್ರವನ್ನೂ ಒಮ್ಮೆ ಓದಿ. ಖಾಲಿ ಮನೆಯನ್ನು ಎಷ್ಟು ಬೆಚ್ಚಗಿಡಬೇಕೆಂಬ ಷರತ್ತು ಅದರಲ್ಲಿ ಇರಬಹುದು.

ಹಿಂತಿರುಗುವ ಸಂಗತಿಯೂ ಮುಖ್ಯ. ಬಾಗಿಲು ತೆರೆದೊಡನೆ ಒಮ್ಮೆಲೇ 21 ಡಿಗ್ರಿಗೆ ಏರಿಸಿದರೆ, ಕೆಲವು ಯಂತ್ರಗಳು ನೆರವಿಗೆ ವಿದ್ಯುತ್ತಿನ ಹೀಟರನ್ನು ಹಚ್ಚುತ್ತವೆ. ಅದರಲ್ಲಿ ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ. ಮೂರು ವಾರದ ಉಳಿತಾಯ ಅಷ್ಟರಮಟ್ಟಿಗೆ ಕರಗಿತು. ಆದ್ದರಿಂದ ನೀವು ಬರುವ ಒಂದು ದಿನ ಮುಂಚೆಯೇ ಮನೆ ಕಾಯಲು ಆರಂಭಿಸುವಂತೆ ದಿನಾಂಕ ಗೊತ್ತುಮಾಡಿ. ನೆಲದಡಿ ಕೊಳವೆಗಳಿದ್ದರೆ ಇನ್ನೂ ಮುಂಚೆ. ಸ್ನಾನದ ನೀರನ್ನು ಬಳಸುವ ಮೊದಲು ತೊಟ್ಟಿಯನ್ನು 60 ಡಿಗ್ರಿಗೆ ಕಾಯಿಸಿ. 20ರಿಂದ 45 ಡಿಗ್ರಿಯವರೆಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ. ಅದು ಶ್ವಾಸಕೋಶಕ್ಕೆ ಅಪಾಯಕಾರಿ. ನಲ್ಲಿಗಳನ್ನೂ ಕೆಲವು ನಿಮಿಷ ಹರಿಯಬಿಡಿ.

ಕೊನೆಯದಾಗಿ, ಮನೆಯ ಬೀಗದ ಕೈಯೊಂದು ನೆರೆಯವರಲ್ಲಿರಲಿ. ಯಂತ್ರದ ಕ್ಷೇಮಸಮಾಚಾರವನ್ನು ಈಗ ಕೈಯಲ್ಲಿನ ಫೋನೇ ತಿಳಿಸುತ್ತದೆ, ನಿಜ. ಆದರೆ ವಿದ್ಯುತ್ತು ಹೋದಾಗ ಅದೂ ಮೂಕವಾಗುತ್ತದೆ. ಹೋಗಿ ನೋಡಬಲ್ಲವರು ಪಕ್ಕದ ಮನೆಯವರೇ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಮಕ್ಕಳು ಅಂಥ ಮನೆಗಳಲ್ಲಿರಬಹುದು. ಈ ಸಲ ಅವರು ಊರಿಗೆ ಬರುವ ಮಾತೆತ್ತಿದಾಗ, ಉಪ್ಪಿನಕಾಯಿಯ ವಿಚಾರದೊಡನೆ ಇದನ್ನೂ ಒಂದು ಮಾತು ಹೇಳಿ: ಒಲೆ ಆರಿಸಬೇಡಿ, ಬೂದಿ ಮುಚ್ಚಿ ಬನ್ನಿ. ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡುರಾತ್ರಿ ಹಿಂತಿರುಗಿದಾಗ ಮನೆ ಬೆಚ್ಚಗಿರುತ್ತದೆ.