ಜಾಲರಿಯ ಹಿಂದಿನ ಮುಖ

ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಂಥ ಗಡಿನಾಡಿನ ಊರಿನಲ್ಲಿ ಸಾಫ್ಟ್‌ಬಾಲ್ ನೋಡದವರು ಇರಬಹುದು. ಚಿಣಿಪಣಿ ಆಡದವರು ವಿರಳ. ಹಾರಿಬಂದ ಚಿಣಿ ಮಗುವಿನ ಕಣ್ಣಿಗೆ ಬಡಿದೀತೆಂಬ ಭಯ ಎಲ್ಲ ತಾಯಂದಿರಿಗೂ ಗೊತ್ತು. ಆ ಭಯ ಸುಳ್ಳಲ್ಲ. ಮಕ್ಕಳ ಕಣ್ಣಿನ ಗಾಯಗಳಿಗೆ ಈ ಆಟವೂ ಒಂದು ಕಾರಣವೆಂದು ನೇತ್ರವೈದ್ಯರು ಹೇಳುತ್ತ ಬಂದಿದ್ದಾರೆ. ಮುಖಕ್ಕೆ ಜಾಲರಿ ಕಟ್ಟಿಕೊಂಡು ಆಡುವ ಮಗುವಿನ ಆಟವನ್ನು ಅಳೆಯುವುದು ಹೇಗೆಂಬ ಪ್ರಶ್ನೆಯ ಹಿಂದೆ ಇರುವುದೂ ಇದೇ ಭಯ.

ಸಾಫ್ಟ್‌ಬಾಲ್ ಎಂಬ ಹೆಸರನ್ನು ನಂಬಿ ಮೋಸಹೋಗಬಾರದು. 1887ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಒಳಾಂಗಣ ಆಟವಾಗಿ ಅದು ಹುಟ್ಟಿದಾಗ, ಬಾಕ್ಸಿಂಗ್ ಕೈಗವಸನ್ನೇ ಬಿಗಿದು ಕಟ್ಟಿ ಚೆಂಡು ಮಾಡಿಕೊಂಡಿದ್ದರು. ಇಂದಿನ ಚೆಂಡು ಗಟ್ಟಿ. ಅದರ ಸುತ್ತಳತೆ 12 ಅಂಗುಲ. ತೂಕದಲ್ಲಿ ಕ್ರಿಕೆಟ್ ಚೆಂಡಿಗಿಂತ ಹೆಚ್ಚು. ಬೇಸ್‌ಗಳ ನಡುವಿನ ಅಂತರ 60 ಅಡಿ ಮಾತ್ರ. ಬ್ಯಾಟಿಗೆ ಸಮೀಪ ನಿಂತ ಬಾಲಕಿಯ ಮುಂದೆ ಚೆಂಡು ನೆಲಕ್ಕೆ ಬಡಿದು ದಿಢೀರನೆ ಪುಟಿದರೆ, ಅದು ನೇರ ಮುಖಕ್ಕೆ. ಆದ್ದರಿಂದಲೇ ಎಳೆಯ ಫೀಲ್ಡರುಗಳಿಗೆ ಮುಖರಕ್ಷೆ ಬಂತು.

ಅದರೊಂದಿಗೆ ತಕರಾರೂ ಬಂತು. ಜಾಲರಿ ಹಾಕಿದವರ ಧೈರ್ಯ ತಿಳಿಯುವುದು ಹೇಗೆ ಎಂದು ಆಯ್ಕೆಗಾರರು ಕೇಳುತ್ತಾರೆ. ಈ ಗೊಣಗಾಟ ಹಳೆಯದು. ಕ್ರಿಕೆಟ್ಟಿನಲ್ಲಿ ಏಕನಾಥ ಸೋಲ್ಕರ್ ಹೆಲ್ಮೆಟ್ ಇಲ್ಲದೆ ಬ್ಯಾಟಿನ ಮೂತಿಗೇ ನಿಂತು, 27 ಟೆಸ್ಟ್‌ಗಳಲ್ಲಿ 53 ಕ್ಯಾಚು ಹಿಡಿದರು. ಜನ ಅವರ ಕೈಚಳಕವನ್ನೂ ಎದೆಗಾರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಆದರೆ 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ, ಅಂಥದೇ ಜಾಗದಲ್ಲಿ ಹೆಲ್ಮೆಟ್ ಇಲ್ಲದೆ ನಿಂತ ರಮಣ್ ಲಾಂಬಾ ತಲೆಗೆ ಚೆಂಡು ಬಡಿದು ತೀರಿಕೊಂಡರು. 2000ದಲ್ಲಿ ಅದೇ ಢಾಕಾದಲ್ಲಿ ಕನ್ನಡಿಗ ಅನಿಲ್ ಕುಂಬ್ಳೆಯವರ ಎಸೆತವೊಂದು ವಿಕೆಟ್‌ಕೀಪರ್ ಸಬಾ ಕರೀಮರ ಕಣ್ಣಿಗೆ ಬಡಿಯಿತು. ಧೈರ್ಯಕ್ಕೆ ಕೊಡುವ ಅಂಕದ ಬೆಲೆ ಇಷ್ಟು.

ರಕ್ಷಾಕವಚ ಬಂದಾಗ ಅಳತೆಗೋಲೂ ಬದಲಾಗಬೇಕು. ಫೀಲ್ಡರನ ಹೆಲ್ಮೆಟ್ಟಿಗೆ ತಾಗಿ ಬಂದ ಚೆಂಡನ್ನು ಹಿಡಿದರೆ ಔಟಿಲ್ಲ ಎಂದಿದ್ದ ಕ್ರಿಕೆಟ್ ನಿಯಮವೇ 2017ರಲ್ಲಿ ತಿದ್ದುಪಡಿಯಾಗಿ, ಅದೂ ಕ್ಯಾಚೆಂದು ಒಪ್ಪಿತು.

ಮುಖದತ್ತ ಏನಾದರೂ ಬಂದರೆ ಕಣ್ಣು ಮುಚ್ಚುವುದು, ತಲೆ ಹೊರಳಿಸುವುದು ದೇಹದ ಸಹಜ ಗುಣ. ಜಾಲರಿಯಿಲ್ಲದ ಮಗು ಹಾಗೆ ಮಾಡಿ ಚೆಂಡು ಬಿಟ್ಟರೆ, ಆಯ್ಕೆಗಾರ ‘ಆಟ ಬಾರದು’ ಎಂದು ಬರೆದುಕೊಳ್ಳುತ್ತಾನೆ. ಆತ ಅಳೆದದ್ದು ಆಟವನ್ನಲ್ಲ, ಅಂಜಿಕೆಯನ್ನು. ಅಂಜಿಕೆ ಸರಿದ ಮೇಲೆ ಕಾಣುವುದೇ ನಿಜವಾದ ಆಟ: ಕಾಲು ಚೆಂಡಿನ ದಾರಿಗೆ ಬಂತೇ, ಮೊಣಕಾಲು ಬಾಗಿತೇ, ಕೈಗವಸು ನೆಲ ಮುಟ್ಟಿತೇ, ಹಿಡಿದ ಚೆಂಡು ಬೇಗ ಕೈಬಿಟ್ಟಿತೇ?

ಜಾಲರಿಗೂ ದೋಷವುಂಟು. ಸಡಿಲವಾದರೆ ಜಾರುತ್ತದೆ, ಅದರ ಸರಳು ಕಾಲಬುಡದ ಚೆಂಡನ್ನು ಮರೆಮಾಡುತ್ತದೆ. ಮೊದಲ ದಿನವೇ ಅದನ್ನು ಕಟ್ಟಿ ಪರೀಕ್ಷೆಗೆ ನಿಲ್ಲಿಸಿದರೆ ಒಳ್ಳೆಯ ಆಟಗಾರ್ತಿಯೂ ಎಡವುತ್ತಾಳೆ. ಅಭ್ಯಾಸದಲ್ಲೂ ಅದೇ ಜಾಲರಿ ಇರಬೇಕು. ಹತ್ತು ಮಕ್ಕಳಿಗೆ ಒಂದೇ ಜಾಲರಿಯಿದ್ದ ಶಾಲೆಯಲ್ಲಿ, ಅದು ಸಿಕ್ಕ ಮಗುವನ್ನೂ ಸಿಗದ ಮಗುವನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸುವುದು ನ್ಯಾಯವಲ್ಲ. ಅಲ್ಲಿ ಹತ್ತೂ ಮಕ್ಕಳು ಸರದಿಯಂತೆ ಅದನ್ನೇ ಕಟ್ಟಿಕೊಂಡು, ಒಂದೇ ಬಗೆಯ ಚೆಂಡುಗಳನ್ನು ಎದುರಿಸಲಿ.

ಆಯ್ಕೆ ತಪ್ಪಿದ ಮಗು ಮರುವರ್ಷ ಮತ್ತೆ ಬಂದು ನಿಂತೀತು. ಕಳೆದ ಕಣ್ಣು ಮರಳಿ ಬಾರದು. ಮಾಸ್ತರು ಮೊದಲು ಜಾಲರಿಯ ಪಟ್ಟಿ ಬಿಗಿಯಲಿ, ಆಮೇಲೆ ಅಂಕದ ಹಾಳೆ ತೆಗೆಯಲಿ.