ಹೊರಟು ನಿಂತ ಹಕ್ಕಿಗಳು
(ಹಲವಾಗಲಿನಲ್ಲಿ ಆಡಿದ ಮಾತಿನ ಬರಹರೂಪ)



ಹಕ್ಕಿ ನೋಡಬೇಕೆಂದರೆ ರಂಗನತಿಟ್ಟಿಗೇ ಹೋಗಬೇಕು ಎಂದು ಶಾಲೆಯ ಪ್ರವಾಸಗಳು ನಮಗೆ ಕಲಿಸಿವೆ. ನಾನೂ ಹಾಗೆಯೇ ತಿಳಿದಿದ್ದೆ. ವರದಿಗಾರನಾಗಿ ಕೆರೆಗಳಿಗೆ ಹೋದಾಗಲೂ ಹೂಳೆಷ್ಟು, ಒತ್ತುವರಿಯೆಷ್ಟು ಎಂದಷ್ಟೇ ಕೇಳುತ್ತಿದ್ದೆ. ಒಮ್ಮೆ ಕುರಿ ಕಾಯುವ ಹಿರಿಯರೊಬ್ಬರು, ‘ನೀರಿನ ಲೆಕ್ಕ ಆತು, ಹಕ್ಕಿ ಲೆಕ್ಕ ಬ್ಯಾಡೇನ್ರಿ?’ ಎಂದರು. ಇಂದಿನ ಮಾತಿಗೆ ಆ ಪ್ರಶ್ನೆಯೇ ಕಾರಣ.

ವಲಸೆ ಹಕ್ಕಿಗಳು ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ನಮ್ಮ ಕಡೆಗೆ ಬರುತ್ತವೆ. ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನಲ್ಲಿ ಒಂದೊಂದಾಗಿ ಮರಳುತ್ತವೆ. ದೂರದ ಹಾದಿಗೆ ಬುತ್ತಿ ಬೇಕಲ್ಲವೆ? ಮೈಯೊಳಗೆ ಕೂಡಿಟ್ಟ ಕೊಬ್ಬೇ ಅವುಗಳ ಬುತ್ತಿ. ಆದ್ದರಿಂದ ಈ ದಿನಗಳಲ್ಲಿ ಹಕ್ಕಿಯನ್ನು ಹುಡುಕುವ ಬದಲು ಅದರ ಆಹಾರವನ್ನು ಹುಡುಕಬೇಕು.

ಮೊದಲು ಹೂಬಿಟ್ಟ ಮುತ್ತುಗ, ಬೂರುಗಗಳನ್ನು ನೋಡಿ. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡುವ ಗುಲಾಬಿ ಕಬ್ಬಕ್ಕಿಗಳು ಹೊರಡುವ ಮುನ್ನ ಈ ಹೂಗಳ ಮಕರಂದಕ್ಕೆ ಹಿಂಡಾಗಿ ಮುಗಿಬೀಳುತ್ತವೆ.

ಎರಡನೆಯದು ಹಿನ್ನೀರಿನ ಅಂಚು. ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಬೇಸಿಗೆಗೆ ಇಳಿದಂತೆ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿ ಹುಳ ಹೆಕ್ಕಲು ಗೊರವಗಳು, ಸಿಪಿಲೆಗಳು ಇಳಿಯುತ್ತವೆ.

ಮೂರನೆಯದು ಕೆರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನಮ್ಮ ಹಿರಿಯರು ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಕೆರೆ. ವಿಸ್ತೀರ್ಣ 98.76 ಹೆಕ್ಟೇರ್. ಅಲ್ಲಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಇವು ಹಿಮಾಲಯ ದಾಟಿ ಬಂದ ಅತಿಥಿಗಳಲ್ಲ, ನಮ್ಮ ನಾಡಿನವೇ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಇದರ ಹೆಸರು ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಆಗಲೇ ಆ ಗೌರವ ಬಂತು. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಅಲ್ಲಿ ನೋಡಬೇಕಾದರೆ ಯುಗಾದಿಯವರೆಗೆ ಕಾಯಬೇಡಿ, ಮೊದಲೇ ಹೋಗಿ.

ಇನ್ನು ನಿಮ್ಮ ಮನೆಯಂಗಳದ ಹೊಳೆ. ಬೇಸಿಗೆಯಲ್ಲಿ ಮರಳಿನ ದಿಬ್ಬ ಎದ್ದ ಕಡೆ ಹೊಳೆಯ ರೀವಗಳು ಬರಿಯ ಮರಳಿನಲ್ಲೇ ಮೊಟ್ಟೆ ಇಡುತ್ತವೆ. ಗೂಡಿಗೆ ಕಡ್ಡಿಯಿಲ್ಲ, ಗೋಡೆಯಿಲ್ಲ. ಆ ದಿಬ್ಬದ ಮೇಲೆ ನಾಯಿ ಓಡಿದರೆ, ಟ್ರ್ಯಾಕ್ಟರ್ ಇಳಿದರೆ ಆ ವರ್ಷದ ಸಂಸಾರ ಮುಗಿದಂತೆಯೇ. ಆದ್ದರಿಂದ ದಂಡೆಯಲ್ಲೇ ನಿಂತು ನೋಡಿ. ಬೆಳಗಿನ ಹೊತ್ತು, ಸೂರ್ಯ ಬೆನ್ನಿಗಿರಲಿ. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ, ತಾಳ್ಮೆ ಇದ್ದರೆ ಸಾಕು. ಎಲ್ಲಿ ನಿಲ್ಲಬೇಕೆಂದು ತಿಳಿಯದಿದ್ದರೆ ಮೀನುಗಾರರನ್ನು, ಕುರಿಗಾಹಿಗಳನ್ನು ಕೇಳಿ.

ಕೊನೆಗೊಂದು ಬಿನ್ನಹ. ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ಕೆರೆ, ಯಾವ ಹಕ್ಕಿ, ಎಷ್ಟು ಎಂದು ಬರೆಯಿರಿ. ಹೆಸರು ತಿಳಿಯದಿದ್ದರೆ ಬಣ್ಣ ಬರೆಯಿರಿ. ನಾಳೆ ಯಾರಾದರೂ ಬಂದು ‘ಇದು ಪಾಳುಬಿದ್ದ ಕೆರೆ, ಮುಚ್ಚಿದರೆ ನಷ್ಟವೇನು?’ ಎಂದರೆ ಹಕ್ಕಿಗಳು ಅರ್ಜಿ ಹಾಕಲಾರವು. ಅವುಗಳ ಪರವಾಗಿ ಸಾಕ್ಷಿ ಹೇಳಲು ಇರುವುದು ನಿಮ್ಮ ಆ ಪುಟಗಳೇ.