ಕಾಲ ಮೇಲೆ ಬರೆದ ವಯಸ್ಸು



ಕ್ರೀಡೆಯ ವಿಷಯವಾಗಿ ಮಾತನಾಡುವಾಗ ನಾವು ಸಾಮಾನ್ಯವಾಗಿ ಎಲ್ಲರಿಗಿಂತ ವೇಗಶಾಲಿಯಾದವನನ್ನೂ ಎಲ್ಲರಿಗಿಂತ ಬಲಶಾಲಿಯಾದವನನ್ನೂ ಕೊಂಡಾಡುತ್ತೇವೆ. ಅದು ಸಹಜವೂ ಹೌದು, ನ್ಯಾಯವೂ ಹೌದು. ಈ ಹೊತ್ತು ನಾನು ಪ್ರಶಂಸಿಸಬೇಕೆಂದಿರುವವರಾದರೋ ಬೇರೊಂದು ವರ್ಗದವರು: ದಿನವೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ, ಕಚೇರಿಯಲ್ಲಿ ಲೆಕ್ಕ ಬರೆದು, ಮನೆಯಲ್ಲಿ ಮಕ್ಕಳನ್ನು ಸಾಕಿ, ಇವೆಲ್ಲ ಕಳೆದು ಉಳಿದ ಮುಂಜಾವಿನ ಗಳಿಗೆಗಳನ್ನು ಒಟ್ಟುಗೂಡಿಸಿ, ಈಜು, ಸೈಕಲ್ ಸವಾರಿ, ಓಟ ಎಂಬ ಮೂರು ವಿದ್ಯೆಗಳನ್ನು ಜೊತೆಜೊತೆಯಾಗಿ ಅಭ್ಯಸಿಸಿ, ವರ್ಷಕ್ಕೊಮ್ಮೆ ತಮ್ಮ ದೇಶದ ಟ್ರಯಥ್ಲಾನ್ ಚಾಂಪಿಯನ್‌ಷಿಪ್ಪಿಗೆ ಬಂದು ನಿಲ್ಲುವ ಹವ್ಯಾಸಿಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಹವ್ಯಾಸಿಗಳ ರಾಷ್ಟ್ರೀಯ ಸ್ಪರ್ಧೆ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ, ಮಿಷಿಗನ್ ಸರೋವರದ ತೀರದಲ್ಲಿ, ಆಗಸ್ಟ್ ತಿಂಗಳಿನಲ್ಲಿ ಹಲವು ಬಾರಿ ನಡೆದಿದೆ. ಸಾವಿರಾರು ಮಂದಿ ಅದರಲ್ಲಿ ಭಾಗವಹಿಸುತ್ತಾರೆ. ಬಯಸಿದವರೆಲ್ಲ ಬಂದು ಸೇರುವ ಜಾತ್ರೆಯಲ್ಲ ಅದು. ಮೊದಲು ಬೇರೆ ಬೇರೆ ಊರುಗಳ ಸ್ಪರ್ಧೆಗಳಲ್ಲಿ ತಮ್ಮ ವಯೋವರ್ಗದಲ್ಲಿ ಮುಂದಿನ ಸ್ಥಾನಗಳನ್ನು ಗಳಿಸಿ ಅರ್ಹತೆ ಪಡೆದವರು ಅಲ್ಲಿ ನೆರೆಯುತ್ತಾರೆ.

ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ, ನಡುವೆ ವಿಶ್ರಾಂತಿಯಿಲ್ಲ: ಇದು ಅಂಗೀಕೃತವಾದ ಪ್ರಮಾಣ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಪ್ರವೇಶ ಪಡೆದಾಗಲೂ ಇದೇ ಪ್ರಮಾಣವಿತ್ತು. ಆದರೆ ಇದರ ಜನ್ಮ ಒಲಿಂಪಿಕ್ಸಿನ ವೈಭವದಲ್ಲಿ ಆದುದಲ್ಲ. 1974ರ ಸೆಪ್ಟೆಂಬರ್ 25ರಂದು, ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ, ಅಲ್ಲಿನ ಓಟಗಾರರ ಸಂಘದ ಜ್ಯಾಕ್ ಜಾನ್‌ಸ್ಟನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು ಏರ್ಪಡಿಸಿದ ಪಂದ್ಯದಲ್ಲಿ 46 ಮಂದಿ ಸೇರಿದ್ದರು. ಅದು ವಾರದ ನಡುವಿನ ಒಂದು ಸಂಜೆ. ಕೆಲಸ ಮುಗಿಸಿ ಬಂದವರ ವಿನೋದ. ಅಂದು ಓಟ ಮೊದಲು, ಈಜು ಕೊನೆಗೆ. ಹಿಂದುಳಿದವರು ನೀರಿನಲ್ಲಿರುವಾಗಲೇ ಕತ್ತಲಾಗಿ, ದಡದಲ್ಲಿದ್ದವರು ಮೋಟಾರು ಗಾಡಿಗಳ ದೀಪಗಳನ್ನು ನೀರಿನ ಕಡೆಗೆ ಹಾಯಿಸಬೇಕಾಯಿತು. ದಣಿದ ದೇಹ ರಸ್ತೆಯ ಮೇಲೆ ಕುಸಿದರೆ ಎತ್ತಿ ಕೂರಿಸಬಹುದು. ನೀರಿನಲ್ಲಿ ಕುಸಿದರೆ ಅಪಾಯ. ಆದಕಾರಣ ಈಗ ಹೆಚ್ಚುಕಡಿಮೆ ಎಲ್ಲೆಡೆಯೂ ಮೊದಲು ಈಜು. ಈ ಕ್ರೀಡೆಯನ್ನು ಹುಟ್ಟಿಸಿದವರು ಹವ್ಯಾಸಿಗಳೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಇಂದು ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಲ್ಲುವ ಹವ್ಯಾಸಿ ಯಾರದೋ ಅಂಗಳದಲ್ಲಿ ಅತಿಥಿಯಾಗಿ ನಿಂತವನಲ್ಲ, ಮನೆಯ ಒಡೆಯನೇ ಎಂಬುದು ಮನವರಿಕೆಯಾಗುತ್ತದೆ.

ಇನ್ನು ಕಲೆಯ ವಿಚಾರ. ಮೂರು ವಿದ್ಯೆಗಳೆಂದೆನಷ್ಟೆ; ಬಲ್ಲವರು ನಾಲ್ಕನೆಯದೊಂದನ್ನು ಹೇಳುತ್ತಾರೆ. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ದಾಟುವ ಆ ಎರಡು ಸಂಧಿಗಳನ್ನು ಅವರು ಟ್ರಾನ್ಸಿಷನ್ ಎನ್ನುತ್ತಾರೆ. ಅಲ್ಲಿ ಗಡಿಯಾರ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಸ್ಪರ್ಧೆಯಲ್ಲಿ ನೋಡತಕ್ಕ ಸ್ಥಳವೆಂದರೆ ಇದೇ. ಉದ್ದುದ್ದನೆಯ ಕಂಬಿಗಳಿಗೆ ಸೀಟಿನ ಮೂತಿಯನ್ನು ಸಿಕ್ಕಿಸಿ ನೂರಾರು ಸೈಕಲ್ಲುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಒಂದೊಂದು ಸೈಕಲ್ಲಿನ ಪಕ್ಕದಲ್ಲಿ ಮೊಳದಗಲದ ಟವೆಲು. ಅದರ ಮೇಲೆ ಓಟದ ಬೂಟುಗಳು, ಲೇಸನ್ನು ಕಟ್ಟುವ ಬದಲು ಒಂದೇ ಎಳೆತಕ್ಕೆ ಬಿಗಿಯುವ ರಬ್ಬರಿನ ದಾರ ಪೋಣಿಸಿದವು. ಹ್ಯಾಂಡಲಿನ ಮೇಲೆ ಅಂಗಾತವಾಗಿಟ್ಟ ಹೆಲ್ಮೆಟ್ಟು, ಅದರ ಪಟ್ಟಿಗಳು ಎರಡು ಕಡೆಗೂ ಬಿಚ್ಚಿ ಇಳಿಬಿದ್ದಿರುವಂತೆ. ಹೆಲ್ಮೆಟ್ಟಿನೊಳಗೆ ಕಾಲು ಬಿಚ್ಚಿಟ್ಟ ಕನ್ನಡಕ. ಸವಾರಿಯ ಬೂಟುಗಳನ್ನು ಮೊದಲೇ ಪೆಡಲಿಗೆ ಸಿಕ್ಕಿಸಿ, ಅವು ನೆಲಕ್ಕೆ ತಾಗದಂತೆ ಸಣ್ಣ ರಬ್ಬರ್ ಬ್ಯಾಂಡಿನಿಂದ ಸೈಕಲ್ಲಿನ ಚೌಕಟ್ಟಿಗೆ ಕಟ್ಟಿರುತ್ತಾರೆ. ಸವಾರ ಬರಿಗಾಲಿನಲ್ಲಿ ಓಡುತ್ತ ಬಂದು ಏರಿ ಪೆಡಲನ್ನು ಒಂದು ಸುತ್ತು ತುಳಿದರೆ ಬ್ಯಾಂಡು ತಾನಾಗಿ ಹರಿಯುತ್ತದೆ. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಯುವ ಮೊದಲು ಸೈಕಲ್ಲನ್ನು ಕಂಬಿಯಿಂದ ತೆಗೆಯುವಂತಿಲ್ಲ. ನೆಲದ ಮೇಲೆ ಎಳೆದ ಗೆರೆಯನ್ನು ದಾಟುವ ಮೊದಲು ಏರುವಂತಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ, ನೀರು ತುಂಬಿದ ಕಿವಿ ಏನನ್ನೂ ಸರಿಯಾಗಿ ಕೇಳದಿರುವಾಗ, ಒದ್ದೆ ಕೈಯ ಬೆರಳುಗಳಿಂದ ಆ ಪಟ್ಟಿಯ ಬಕಲನ್ನು ಮೊದಲ ಪ್ರಯತ್ನಕ್ಕೇ ಕೂಡಿಸುವುದು ಎಷ್ಟು ಕಠಿನವೋ, ಮನೆಯ ಹಿತ್ತಲಿನಲ್ಲಿ ಅದನ್ನು ಪದೇ ಪದೇ ಅಭ್ಯಸಿಸಿದವರೇ ಬಲ್ಲರು.

ನೀರಿನಲ್ಲಿ ಮುಂದಿನವನ ಪಾದಗಳ ಹಿಂದೆಯೇ ಸಾಗಿ, ಅವನು ಸೀಳಿದ ನೀರಿನ ಅನುಕೂಲವನ್ನು ಪಡೆಯಲು ಅನುಮತಿಯುಂಟು. ರಸ್ತೆಯಲ್ಲಿ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಅದು ನಿಷಿದ್ಧ. ಮುಂದಿನ ಸವಾರನ ಬೆನ್ನ ಮರೆಯಲ್ಲಿ ಗಾಳಿಯಿಂದ ತಪ್ಪಿಸಿಕೊಂಡು ಬಂದವನಿಗೆ ದಂಡನೆಯುಂಟು. ನಿಯತವಾದ ಅಂತರವನ್ನು ಪಾಲಿಸಲೇಬೇಕು. ಮಿಲ್ವಾಕೀಯಲ್ಲಿ ಸೈಕಲ್ಲಿನ ಮಾರ್ಗ ಹೋನ್ ಸೇತುವೆಯನ್ನು ಏರಿ ಇಳಿಯುತ್ತದೆ. ಹಡಗುಗಳು ಕೆಳಗೆ ಹಾಯುವಂತೆ ಎತ್ತರವಾಗಿ ಕಟ್ಟಿದ ಆ ಸೇತುವೆಯ ಮೇಲೆ ಸರೋವರದ ಗಾಳಿಗೆ ತಡೆಯಿಲ್ಲ. ಆ ಏರಿನಲ್ಲಿ ತನ್ನ ಪಾಲಿನ ಗಾಳಿಯನ್ನು ತಾನೇ ಎದುರಿಸಬೇಕು. ಇದೊಂದು ಉದಾತ್ತವಾದ ನಿಯಮವೆಂದು ನಾನು ಭಾವಿಸುತ್ತೇನೆ.

ಸ್ಪರ್ಧೆಯ ಒಟ್ಟು ಕಾಲದಲ್ಲಿ ಸುಮಾರು ಅರ್ಧದಷ್ಟು ಸೈಕಲ್ಲಿನ ಮೇಲೆಯೇ ಕಳೆಯುವುದರಿಂದ, ಅಲ್ಲಿ ಶಕ್ತಿಯನ್ನೆಲ್ಲ ಸುರಿದುಬಿಡಬೇಕೆಂಬ ಆಸೆ ಹೊಸಬರಿಗೆ ಸಹಜ. ಅನುಭವಿ ಹಾಗೆ ಮಾಡನು. ಸೈಕಲ್ಲಿನಿಂದಿಳಿದು ಓಡಲು ತೊಡಗಿದಾಗ ಕಾಲುಗಳು ತನ್ನವಲ್ಲವೆಂಬಂತೆ ಭಾರವಾಗಿ, ಹೆಜ್ಜೆ ಹೆಜ್ಜೆಗೂ ಅಪರಿಚಿತವಾಗಿ ತೋರುವುದನ್ನು ಅವನು ಬಲ್ಲ; ಆ ಕಾರಣದಿಂದಲೇ ಅಭ್ಯಾಸದ ದಿನಗಳಲ್ಲಿ ಸವಾರಿ ಮುಗಿದೊಡನೆ ಓಟವನ್ನು ಜೋಡಿಸಿ ಕಾಲಿಗೆ ಆ ಪಲ್ಲಟವನ್ನು ಪರಿಚಯ ಮಾಡಿಸಿರುತ್ತಾನೆ. ಇರುವ ಶಕ್ತಿಯನ್ನು ಅರಿತು, ಮೂರು ಪಾಲು ಮಾಡಿ, ಮೊದಲಿನವೆರಡರಲ್ಲಿ ಕೈ ಬಿಗಿಹಿಡಿದು, ಮೂರನೆಯದರಲ್ಲಿ ಉಳಿಸದಂತೆ ವ್ಯಯಿಸುವ ಈ ವಿವೇಕವು ಸಂಬಳದ ಹಣದಲ್ಲಿ ತಿಂಗಳು ಪೂರೈಸುವ ಗೃಹಸ್ಥನಿಗೆ ಮೊದಲಿನಿಂದಲೂ ಪರಿಚಿತವಾದದ್ದೇ.

ಅದೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದ ವಿಷಯ ಇನ್ನೊಂದುಂಟು. ಈ ಸ್ಪರ್ಧಾಳುಗಳನ್ನು ಐದೈದು ವರ್ಷಗಳ ವರ್ಗಗಳಾಗಿ ವಿಂಗಡಿಸುತ್ತಾರೆ: ನಲವತ್ತರಿಂದ ನಲವತ್ತನಾಲ್ಕು, ನಲವತ್ತೈದರಿಂದ ನಲವತ್ತೊಂಬತ್ತು, ಹೀಗೆ ಮೇಲಕ್ಕೆ. ವರ್ಷದ ಕೊನೆಯ ದಿನ ಎಷ್ಟು ತುಂಬಿರುವುದೋ ಅದೇ ಆ ವರ್ಷದ ವಯಸ್ಸು. ಅಮೆರಿಕದ ಸ್ಪರ್ಧೆಗಳಲ್ಲಿ ಈ ವಯಸ್ಸನ್ನು ಸ್ಪರ್ಧಿಯ ಮೀನಖಂಡದ ಮೇಲೆ ಕಪ್ಪು ಶಾಯಿಯಲ್ಲಿ ದಪ್ಪಕ್ಷರದಿಂದ ಬರೆಯುವ ವಾಡಿಕೆಯುಂಟು. ಓಡುತ್ತಿರುವಾಗ ಮುಂದಿನವನ ಮುಖ ಕಾಣದು, ಹೆಸರು ತಿಳಿಯದು. ಕಾಲಿನ ಮೇಲಿನ ಅಂಕಿ ಕಾಣುತ್ತದೆ. ತನ್ನ ವರ್ಗದವನಾದರೆ ಹಿಡಿಯಬೇಕು. ಅಲ್ಲವಾದರೆ ಶುಭ ಕೋರಿ ಮುಂದುವರಿಯಬಹುದು. ಮೂವತ್ತೆರಡರ ತರುಣನನ್ನು ಹಿಂದೆ ಹಾಕಿ ಹೋಗುವ ಹೆಂಗಸಿನ ಕಾಲ ಮೇಲೆ ಅರವತ್ತೊಂದು ಎಂದು ಬರೆದಿರುವುದೂ ಉಂಟು. ಆ ತರುಣನ ಅಚ್ಚರಿಯಲ್ಲಿ ಗೌರವವಲ್ಲದೆ ಬೇರೇನೂ ಇರದು.

ಲೋಕದಲ್ಲಿ ನಾವು ಮುಚ್ಚಿಡುವ ಸಂಖ್ಯೆಯನ್ನು ಇವರು ಬಯಲಿನಲ್ಲಿ ಹೊತ್ತು ಓಡುತ್ತಾರೆ. ಅಷ್ಟೇ ಅಲ್ಲ, ಹುಟ್ಟುಹಬ್ಬವನ್ನು ಎದುರುನೋಡುತ್ತಾರೆ. ನಲವತ್ತೊಂಬತ್ತರಲ್ಲಿ ತನ್ನ ವರ್ಗದ ಹಿರಿಯನಾಗಿ ಪ್ರಯಾಸಪಟ್ಟವನು ಐವತ್ತು ತುಂಬುವ ವರ್ಷ ಬಂದೊಡನೆ ಮುಂದಿನ ವರ್ಗದ ಕಿರಿಯನಾಗುತ್ತಾನೆ; ಆ ವರ್ಷದ ಸ್ಪರ್ಧೆಗೆ ಅವನು ಹೊಸ ಹುರುಪಿನಿಂದ ಹೆಸರು ಕೊಡುತ್ತಾನೆ. ಅರವತ್ತು ತುಂಬುವುದನ್ನು ಸುವಾರ್ತೆಯೆಂದು ಎಣಿಸುವ ಸಮಾಜ ಬೇರೆಲ್ಲಿಯಾದರೂ ಉಂಟೋ, ನಾನರಿಯೆ. 1930ರಲ್ಲಿ ಹುಟ್ಟಿದ ಸಿಸ್ಟರ್ ಮಡೋನ ಬ್ಯೂಡರ್ ಎಂಬ ಕ್ರೈಸ್ತ ಸನ್ಯಾಸಿನಿಯ ಚರಿತ್ರೆ ಇದಕ್ಕೆ ಪರಮ ನಿದರ್ಶನ. ಆಕೆ ಓಟವನ್ನು ಆರಂಭಿಸಿದ್ದೇ ನಲವತ್ತೆಂಟರ ಸುಮಾರಿನಲ್ಲಿ, ಟ್ರಯಥ್ಲಾನನ್ನು ಐವತ್ತು ದಾಟಿದ ಮೇಲೆ. ಮುಂದೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೊಂದು ಪೂರ್ಣ ಮ್ಯಾರಥಾನ್ ಸೇರಿದ ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ಆಕೆ ವರ್ಷ ವರ್ಷವೂ ನಿಲ್ಲುತ್ತ ಬಂದುದರಿಂದ, ಮಹಿಳೆಯರಿಗೆ ಅದುವರೆಗೆ ಇಲ್ಲದಿದ್ದ ವಯೋವರ್ಗಗಳನ್ನು ಹೊಸದಾಗಿ ತೆರೆಯಬೇಕಾಯಿತು. 2012ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಕೆನಡಾದಲ್ಲಿ ಆಕೆ ಆ ಸ್ಪರ್ಧೆಯನ್ನು ಮತ್ತೆ ಪೂರೈಸಿದರು. ನಿಯಮ ಮಾಡುವವರು ಎಳೆದ ಕೊನೆಯ ಗೆರೆಯನ್ನು ಸ್ಪರ್ಧಿಯೊಬ್ಬರು ಹೀಗೆ ಮುಂದಕ್ಕೆ ಸರಿಸುತ್ತ ಹೋದ ದೃಷ್ಟಾಂತ ಕ್ರೀಡಾಲೋಕದಲ್ಲಿ ವಿರಳ.

ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದವರಿಗೆ ದೊರೆಯುವುದೇನು? ಪದಕವುಂಟು, ಹಣವಿಲ್ಲ. ಪ್ರತಿಯೊಂದು ವಯೋವರ್ಗದ ಮುಂದಿನ ಸ್ಥಾನದವರಿಗೆ, ಹಲವು ವರ್ಷಗಳ ಪದ್ಧತಿಯಂತೆ ಮೊದಲ ಹದಿನೆಂಟು ಮಂದಿಗೆ, ಹವ್ಯಾಸಿಗಳ ವಿಶ್ವ ಸ್ಪರ್ಧೆಯಲ್ಲಿ ದೇಶದ ಪರವಾಗಿ ನಿಲ್ಲುವ ಅರ್ಹತೆ ಲಭಿಸುತ್ತದೆ. ಅಲ್ಲಿಗೆ ಹೋಗುವ ವಿಮಾನದ ಖರ್ಚು, ಸೈಕಲ್ಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಸಾಗಿಸುವ ಖರ್ಚು, ತಂಗುವ ಖರ್ಚು, ಎಲ್ಲವೂ ಅವರದೇ. ದೇಶದ ಹೆಸರಿನೊಡನೆ ತಮ್ಮ ಮನೆತನದ ಹೆಸರನ್ನೂ ಎದೆಯ ಮೇಲೆ ಅಚ್ಚು ಹಾಕಿಸಿದ ಆ ಸಮವಸ್ತ್ರವನ್ನು ಸಹ ಅವರು ಸ್ವಂತ ಹಣದಿಂದ ಕೊಳ್ಳುತ್ತಾರೆ, ಮತ್ತು ಕಚೇರಿಗೆ ಮೊದಲೇ ರಜೆಯ ಅರ್ಜಿ ಬರೆದಿಡುತ್ತಾರೆ.